ನಾನು ಕೇಳದ ಭೋಂಗಾ

ಅಧ್ಯಕ್ಷರ ದನಿ ಮಾಡುವಾಗ ಹಿಂದೆ ಯಾರು ನಿಂತಿದ್ದಾರೆ ಅಂತ ನೋಡಿಕೊಳ್ಳಬೇಕು. ನಾನು ನೋಡಿಕೊಳ್ಳಲಿಲ್ಲ. ದಾವಣಗೆರೆಯ ನಿವೃತ್ತ ಮಿಲ್ ಕಾರ್ಮಿಕರ ಸಂಘದ ಹಾಲ್‌ನಲ್ಲಿ ಸಭೆ ಮುಗಿದು ಎಲ್ಲರೂ ಮಂಡಕ್ಕಿ ಮೆಣಸಿನಕಾಯಿಗೆ ಕೈ ಹಾಕಿದ್ದರು. ನಾನು ಸಂಘದ ಅಧ್ಯಕ್ಷರಂತೆ ಹೊಟ್ಟೆ ಮುಂದೆ ಮಾಡಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಏನಪ್ಪಾ, ಮ್ಯೂಸಿಯಂ ಅಂದ್ರೆ ಹಳೇ ಸಾಮಾನಿನ ಗೋಡೌನೇ ತಾನೇ?" ಅಂತ ಅವರದೇ ಮೂಗುದನಿಯಲ್ಲಿ ಕೇಳುತ್ತಿದ್ದೆ. ಎದುರಿಗಿದ್ದವರು ನಗೋದು ನಿಲ್ಲಿಸಿದರು. ಅದನ್ನು ನನ್ನ ಕಲೆಗೆ ಸಂದ ಮೌನ ಅಂದುಕೊಂಡು ಇನ್ನೆರಡು ಸಾಲು ಸೇರಿಸಿದೆ. ಆಗ ಬೆನ್ನ ಹಿಂದಿನಿಂದ ಅದೇ ದನಿ ಬಂತು. ಈ ಸಲ ಅಸಲಿ.

"ಕೆಮ್ಮು ಬಿಟ್ಟೆಯಲ್ಲಪ್ಪ. ನಾನು ಮಾತಿನ ಕೊನೆಗೆ ಒಂದ್ಸಲ ಕೆಮ್ತೀನಿ."

ಅಂದು, ಕೆಮ್ಮಿ ತೋರಿಸಿದರು.

ನಾನು ಮಾನವಶಾಸ್ತ್ರ ಓದಿದವನು. ಮನೆಯಲ್ಲಿ ಇವತ್ತಿಗೂ ಅದನ್ನು ಡಾಕ್ಟರ್ ಓದಿನ ಯಾವುದೋ ಕೊನೇ ಬೆಂಚು ಅಂದುಕೊಂಡಿದ್ದಾರೆ. ಆಗ ನಾನು ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನ ಜನರದ್ದೇ ಒಂದು ಮ್ಯೂಸಿಯಂ ಮಾಡಲು ಹೊರಟ ತಂಡದಲ್ಲಿದ್ದೆ. ತಂಡ ಅಂದರೆ ಮೇಡಂ ಮತ್ತು ನಾನು. ಮೇಡಂ ಈ ಕೆಲಸದಲ್ಲೇ ತಲೆ ಬೆಳ್ಳಗಾದವರು, ನಾನು ಬೈಸಿಕೊಳ್ಳಲು ನೇಮಕ ಆದವನು. ರಾಜರ ಕತ್ತಿ, ಶಾಸನದ ಕಲ್ಲು ಇಡುವ ಮ್ಯೂಸಿಯಂ ಅಲ್ಲ ನಮ್ಮದು. ಮಿಲ್ಲಿನಲ್ಲಿ ದುಡಿದವರ ಮನೆಯ ಅಟ್ಟದ ಮೇಲಿದ್ದ ನೂಲಿನ ಬಾಬಿನ್ನು, ಹಾಜರಿಯ ಹಿತ್ತಾಳೆ ಬಿಲ್ಲೆ, ಬುತ್ತಿ ಡಬ್ಬಿ, ನೂಲು ಸುತ್ತುವ ಚೌಕಟ್ಟು ಇಂಥವನ್ನು ಆ ಮನೆಯವರೇ ತಂದುಕೊಟ್ಟು, ಅವರೇ ಅದರ ಕತೆ ಹೇಳಿ, ಅವರೇ ಬಂದು ನೋಡಿಕೊಂಡು ಹೋಗುವ ಜಾಗ. ಸಾಮಾನು ಸೇರಿತ್ತು, ಜಾಗ ಇರಲಿಲ್ಲ. ಸಂಘದ ಹಾಲ್ ಖಾಲಿ ಇತ್ತು. ಅದನ್ನು ಕೇಳಲು ಹೋದ ದಿನವೇ ನಾನು ಈ ಘನಕಾರ್ಯ ಮಾಡಿದ್ದು.

ಅಧ್ಯಕ್ಷರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಕಾಲಿಗೆ ಬಿದ್ದು ಮುಗಿಸಬಹುದಿತ್ತು. ಅವರು ಮಿಲ್ಲಿನಲ್ಲಿ ಟೈಂ ಕೀಪರ್ ಆಗಿದ್ದವರು, ಎಲ್ಲ ಲೆಕ್ಕವನ್ನೂ ನಿಧಾನವಾಗಿ ತೀರಿಸುವವರು. ಕುರ್ಚಿ ಎಳೆದು ಕೂತರು.

"ಇಷ್ಟು ಚೆಂದ ನಕಲು ಮಾಡ್ತೀಯ. ಹಂಗಾರೆ ನಮ್ಮ ಮಿಲ್ ಭೋಂಗಾ ಮಾಡಿ ತೋರ್ಸು. ಬರೋ ತಿಂಗಳು ಸಭೆ ಐತೆ. ಈ ಹಾಲ್‌ನಾಗ ಭೋಂಗಾ ಕೂಗ್ಬೇಕು, ನಮ್ಮೋರು ಕೇಳಿ ಹೌದು ಇದೇ ಅನ್ಬೇಕು. ಅಂದ್ರೆ ಕೀಲಿ ನಿಮ್ದು. ಇಲ್ಲಾಂದ್ರೆ ಕೋಚಿಂಗ್ ಸೆಂಟರ್‌ನೋರು ಅಡ್ವಾನ್ಸ್ ಹಿಡ್ಕಂಡು ಕಾಯ್ತಾ ಅದಾರೆ."

ಭೋಂಗಾ ಅಂದರೆ ಮಿಲ್ಲಿನ ಉಗಿ ಸೀಟಿ. ಕೆಲವರು ಸೈರನ್ ಅಂತಾರೆ, ಕೆಲವರು ಬರೀ ಕೂಗು ಅಂತಾರೆ. ಮೊದಲ ಕೂಗಿಗೆ ಮನೆ ಬಿಡಬೇಕು, ಎರಡನೇ ಕೂಗಿಗೆ ಗೇಟಿನ ಒಳಗಿರಬೇಕು. ಊರೆಲ್ಲ ಅದರ ಮೇಲೇ ನಡೆಯುತ್ತಿತ್ತಂತೆ. 'ಅಂತೆ' ಯಾಕೆ ಅಂದರೆ ನಾನು ಹುಟ್ಟುವ ಹೊತ್ತಿಗೆ ಆ ಮಿಲ್ಲು ಮುಚ್ಚಿ, ಸೀಟಿ ಗುಜರಿಗೆ ಹೋಗಿತ್ತು. ಇಷ್ಟು ಗೊತ್ತಿದ್ದೂ ನನ್ನ ಬಾಯಿ ಏನು ಹೇಳಿತು ಅಂದರೆ:

"ಭೋಂಗಾ ತಾನೇ ಸಾರ್, ನಾನೇ ಕೂಗ್ತೀನಿ."

ಆಟೋದಲ್ಲಿ ಮೇಡಂ ಜೊತೆ ವಾಪಸು ಹೊರಟೆ. ಪಿ.ಜೆ. ಬಡಾವಣೆಯ ತಿರುವಿನಲ್ಲಿ ಕೇಳಿದರು, "ಮಾತಾಡೋಕೆ ನಿನಗೆ ಸಂಬಳ ಕೊಡ್ತಿದ್ದೀನಿ. ಬಾಯಿ ಮುಚ್ಕೊಂಡಿರೋಕೆ ಎಷ್ಟು ಕೊಡ್ಬೇಕು, ಹೇಳಿಬಿಡು."

ಅವರ ಮನೆ ಅಲ್ಲೇ. ಊಟದ ಮೇಜಿನ ತುಂಬ ಬಾಬಿನ್ನು, ಬಿಲ್ಲೆ. ದೇವರ ಕೋಣೆಯ ಬಾಗಿಲಿಗೆ ಒರಗಿಸಿದ ನೂಲಿನ ಚೌಕಟ್ಟು. ಅವರ ಯಜಮಾನರು ಎಷ್ಟೋ ದಿನದಿಂದ ತಟ್ಟೆಯನ್ನು ತೊಡೆ ಮೇಲೆ ಇಟ್ಟುಕೊಂಡು ಉಣ್ಣುತ್ತಿದ್ದರು. ಮೇಡಂ ಒಂದು ಬುತ್ತಿ ಡಬ್ಬಿ ಕೈಗೆ ತೆಗೆದುಕೊಂಡು ಹೇಳಿದರು, "ಹಿಂದೆ ಇನ್ನೊಂದೂರಲ್ಲಿ ಹೀಗೇ ಸೇರಿಸಿದ್ದೆ. ಜಾಗ ಸಿಗಲಿಲ್ಲ. ಮನೆ ಮನೆಗೆ ಹೋಗಿ ಎಲ್ಲ ವಾಪಸ್ ಕೊಟ್ಟೆ. ಒಂದು ಮನೆಯಲ್ಲಿ ಕೊಟ್ಟವರು ತೀರಿಕೊಂಡಿದ್ರು. ಅವರ ಮಗ ಬಾಗಿಲಲ್ಲೇ ನಿಂತು, 'ನಮ್ಮಪ್ಪ ನಿಮ್ಮನ್ನ ನಂಬಿದ್ರು' ಅಂದ. ಅಷ್ಟೇ ಅಂದದ್ದು. ಇನ್ನೊಂದ್ಸಲ ಆ ಕೆಲಸ ನನ್ನ ಕೈಲಾಗಲ್ಲ."

ಆ ಮಾತನ್ನು ಮಾತ್ರ ನಾನು ಯಾರ ಮುಂದೆಯೂ ಅವರ ದನಿಯಲ್ಲಿ ಹೇಳಿಲ್ಲ.

ಕೆಲಸ ಶುರು ಮಾಡಿದೆ. ಮೊದಲು ಧ್ವನಿಮುದ್ರಣ ಹುಡುಕಿದೆ. ಮದುವೆ ಕ್ಯಾಸೆಟ್ಟು, ಭಾಷಣದ ಕ್ಯಾಸೆಟ್ಟು ಇದ್ದ ಮನೆಗಳಲ್ಲೆಲ್ಲ ಕೇಳಿದೆ, ಹಿನ್ನೆಲೆಯಲ್ಲಾದರೂ ಎಲ್ಲೋ ಕೂಗಿರಬಹುದು ಅಂತ. ಒಂದರಲ್ಲೂ ಇರಲಿಲ್ಲ. ಭೋಂಗಾ ಕೂಗುವಾಗ ಟೇಪ್ ರೆಕಾರ್ಡರ್ ಒತ್ತಿ ಹಿಡಿಯುವಷ್ಟು ಪುರುಸೊತ್ತು ಈ ಊರಲ್ಲಿ ಯಾರಿಗೂ ಇದ್ದಂತಿಲ್ಲ. ಸರಿ, ಯಂತ್ರದಲ್ಲಿ ಇಲ್ಲದ್ದು ಬಾಯಲ್ಲಿ ಇರುತ್ತೆ ಅಂದುಕೊಂಡು ಅಧ್ಯಕ್ಷರ ಬಳಿಯೇ ಮೊದಲು ಹೋದೆ. ಅವರು ಎದ್ದು ನಿಂತು, ಎದೆ ಉಬ್ಬಿಸಿ, ಕಣ್ಣು ಮುಚ್ಚಿ, ಉದ್ದನೆಯ ಒಂದು ಕೂಗು ಕೊಟ್ಟರು. ಮದುವೆ ಮನೆಯ ಓಲಗದಂಥ, ಯಾರನ್ನೂ ಅವಸರ ಮಾಡದ ಕೂಗು. ಕೊನೆಗೆ ಕೆಮ್ಮು.

"ಗೇಟಿನಾಗ ನಿಂತು ದಿನಾ ಕೇಳಿದೀನಿ," ಅಂದರು. "ಕೂಗಿದ ಕೂಡ್ಲೇ ಗೇಟು. ಯಾರಪ್ಪ ಬಂದ್ರೂ ತೆಗೀತಿರಲಿಲ್ಲ. ಗಡಿಯಾರಕ್ಕೇ ನನ್ನ ಕಂಡ್ರೆ ಹೆದ್ರಿಕೆ ಇತ್ತು."

ನನಗೆ ಸಾಕಾಗಿತ್ತು. ಒಂದೇ ಸಂಜೆಯಲ್ಲಿ ಆ ಕೂಗನ್ನು ಗಂಟಲಿಗೆ ಕೂರಿಸಿಕೊಂಡೆ. ರೆಕಾರ್ಡರ್ ಹಿಡಿದು ಹಳೇ ಕಾರ್ಮಿಕರ ಮನೆ ಮನೆಗೆ ಹೋಗಿ, ಮೊದಲು ನಾನೇ ಕೂಗಿ, "ಹಿಂಗಿತ್ತಲ್ವಾ?" ಅಂತ ಕೇಳುತ್ತಿದ್ದೆ. "ಹೌದ್ಹೌದು, ಹಿಂಗೇ," ಅನ್ನುತ್ತಿದ್ದರು. "ಹಾಗಾದ್ರೆ ನೀವೊಂದ್ಸಲ," ಅಂತ ಮೈಕ್ ಹಿಡಿಯುತ್ತಿದ್ದೆ, ಅವರು ಕೂಗುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಕೈ ತುಂಬ ಭೋಂಗಾ. ಎಲ್ಲವೂ ಒಂದೇ ಥರ. ಇಷ್ಟು ಒಮ್ಮತ ಇರುವ ಊರು ನಮ್ಮದು ಅಂತ ನನಗೆ ಗೊತ್ತೇ ಇರಲಿಲ್ಲ.

ಮೇಡಂ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಒಂದಾದ ಮೇಲೆ ಒಂದು. ಮುಖ ಬದಲಾಗಲಿಲ್ಲ. ಕೊನೆಗೆ ಹೆಡ್‌ಫೋನ್ ತೆಗೆದು ನನ್ನ ತಲೆಗೆ ಹಾಕಿದರು.

"ಇವರೆಲ್ಲರಿಗೂ ಒಂದೇ ಸಲ ಮೂಗು ಕಟ್ಟಿತ್ತಾ?"

ಕೇಳಿದೆ. ಎಲ್ಲರ ಭೋಂಗಾವೂ ಮೂಗಿನಲ್ಲಿತ್ತು. ಒಬ್ಬರಂತೂ ಕೊನೆಗೆ ಕೆಮ್ಮಿದ್ದರು.

ಅವರು ಮಿಲ್ಲನ್ನು ನೆನೆಸಿಕೊಂಡು ಕೂಗಿರಲಿಲ್ಲ, ನನ್ನನ್ನು ನೋಡಿ ಕೂಗಿದ್ದರು. ನಾನು ಅಧ್ಯಕ್ಷರನ್ನು ನೋಡಿ ಕೂಗಿದ್ದೆ. ಉತ್ತರವನ್ನು ಕೈಗೆ ಕೊಟ್ಟು ಪ್ರಶ್ನೆ ಕೇಳಬಾರದು ಅನ್ನೋದು ನಮ್ಮ ಓದಿನ ಮೊದಲ ಪಾಠ. ಆ ಪಾಠದಲ್ಲಿ ನನಗೆ ಒಳ್ಳೆ ಅಂಕವೂ ಬಂದಿತ್ತು. ಮೇಡಂ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. "ಎಲ್ಲ ಅಳಿಸು. ಮೊದಲಿಂದ," ಅಂದರು.

ಅಳಿಸಿದೆ. ಕೆಮ್ಮಿದವರದ್ದು ಮಾತ್ರ ಇಟ್ಟುಕೊಂಡೆ, ನನಗೆ ಜಂಬ ತಲೆಗೇರಿದಾಗ ಕೇಳಿಸಿಕೊಳ್ಳೋಕೆ.

ಎರಡನೇ ಸಲ ಕ್ರಮ ಬದಲಿಸಿದೆ. ದನಿಯ ಬಗ್ಗೆ ಮೊದಲು ಕೇಳುವ ಹಾಗೇ ಇಲ್ಲ. ಭೋಂಗಾ ಕೂಗುವಾಗ ಎಲ್ಲಿರ್ತಿದ್ರಿ, ಕೈಯಲ್ಲಿ ಏನಿರ್ತಿತ್ತು, ಕೂಗಿದ ಮೇಲೆ ಏನು ಮಾಡ್ತಿದ್ರಿ, ಇಷ್ಟು ಕೇಳಬೇಕು. ಆಮೇಲೆ, ಹೆಂಗಿತ್ತು ಅಂತ ಒಂದೇ ಮಾತು. ಅವರು ಆಗ ಕೂತಿದ್ದರೆ ಈಗಲೂ ಕೂರಬೇಕು, ನಿಂತಿದ್ದರೆ ನಿಲ್ಲಬೇಕು. ಮೈಕ್ ಬಾಯಿಂದ ಒಂದು ಮೊಳ ದೂರ, ಯಾಕೆಂದರೆ ಕೂಗು ಜೋರಾದರೆ ದನಿ ಒಡೆಯುತ್ತೆ. ಒಬ್ಬರು ಕೂಗುವುದು ಇನ್ನೊಬ್ಬರಿಗೆ ಕೇಳಿಸಬಾರದು. ಎಲ್ಲಕ್ಕಿಂತ ಕಷ್ಟದ್ದು ಕೊನೆಯದು: ನಾನು ಬಾಯಿ ಬಿಡಬಾರದು. ಬಾಯಲ್ಲಿ ಲವಂಗ ಇಟ್ಟುಕೊಂಡು ಹೋಗುತ್ತಿದ್ದೆ. ದವಡೆ ಕಚ್ಚಿಕೊಂಡು ಕೂತ ನನ್ನನ್ನು ನೋಡಿ ಜನ, ಪಾಪ ಹುಡುಗನಿಗೆ ಹಲ್ಲುನೋವು ಅಂತ ಬೆಚ್ಚಗಿನ ನೀರು ಕೊಡುತ್ತಿದ್ದರು.

ಒಮ್ಮತ ಅಲ್ಲಿಗೆ ಮುಗಿಯಿತು.

ಲೋಕಿಕೆರೆಯಲ್ಲಿ ಈಗ ಮೆಕ್ಕೆಜೋಳ ಬೆಳೆಯುವ ಒಬ್ಬರು ಹಿಂದೆ ಮಿಲ್ಲಿನ ಕೆಲಸಕ್ಕೆ ಪ್ಯಾಟೆಯಲ್ಲಿ ರೂಮು ಮಾಡಿಕೊಂಡು ಇದ್ದವರು. ಮೊದಲ ಕೂಗಿಗೆ ಅವರು ಹಾಸಿಗೆಯಲ್ಲಿ. ಕಟ್ಟೆಯ ಮೇಲೆ ಮಲಗಿ, ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡು ಕೂಗಿದರು. ನೆಲದೊಳಗಿಂದ ಯಾರೋ ಗೊಣಗಿದ ಹಾಗಿತ್ತು. ಅವರ ಹೆಂಡತಿ ಒಳಗಿಂದ, "ಈಗ್ಲೂ ಎಬ್ಸಿದ್ರೆ ಹಿಂಗೇ ಅಂತಾರೆ, ಅದು ಭೋಂಗಾ ಅಲ್ಲ, ಇವರೇ," ಅಂದರು. ಬಾತಿಯ ರೈತರೊಬ್ಬರು ಮಿಲ್ಲಿನ ಮೆಟ್ಟಿಲು ಹತ್ತಿದವರೇ ಅಲ್ಲ. ಹೊಲದಲ್ಲಿ ಕೂಗು ಕೇಳಿದರೆ ಎತ್ತಿನ ಕೊಳ್ಳು ಹರಿದು ನೊಗದಿಂದ ಬಿಡಿಸುತ್ತಿದ್ದರು. ಅವರದು ಗಾಳಿಗೆ ಸಿಕ್ಕ ಕೂಗು, ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು. ಕೊನೆಗೆ ಒಂದು "ಹೋಯ್".

"ಹೋಯ್ ಭೋಂಗಾದ್ದಾ?" ಅಂತ ಕೇಳಿದೆ.

ಯೋಚನೆ ಮಾಡಿದರು. "ಅದು ನಾನು ಎತ್ತಿಗೆ ಅಂತಿದ್ದದ್ದಿರಬೇಕು. ಆದ್ರೆ ಅದು ಬಿಟ್ರೆ ಕೂಗು ಮುಗಿದಂಗೆ ಆಗಲ್ಲಪ್ಪ."

ಊರೊಳಗೆ, ಒಂದು ಗಲ್ಲಿಯಲ್ಲಿ, ಮಿಲ್ಲಿನ ರೀಲಿಂಗ್ ವಿಭಾಗದಲ್ಲಿ ನೂಲು ಸುತ್ತುತ್ತಿದ್ದ ಹೆಂಗಸೊಬ್ಬರಿದ್ದರು. ಮಿಲ್ಲು ಮುಚ್ಚಿದ ಮೇಲೆ ಪಿ.ಜೆ. ಬಡಾವಣೆಯ ಮನೆಗಳಲ್ಲಿ ಕೆಲಸ ಮಾಡಿ ಮಕ್ಕಳನ್ನು ದಡ ಹತ್ತಿಸಿದವರು. ನಾವು ಅವರ ಬುತ್ತಿ ಡಬ್ಬಿಯನ್ನೂ ಮ್ಯೂಸಿಯಂಗೆ ತಂದಿದ್ದೆವು. ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು.

"ನಮಸ್ಕಾರ ಅಜ್ಜಿ."

"ಅಜ್ಜಿ ನಿಮ್ಮನ್ಯಾಗ. ಇಲ್ಲಿ ಅಮ್ಮ ಅನ್ನು."

ಅವತ್ತಿನಿಂದ ಅವರು ನನಗೆ ರೀಲಿಂಗಮ್ಮ. ಎರಡನೇ ಕೂಗಿಗೆ ಎಲ್ಲಿರ್ತಿದ್ರಿ ಅಂತ ಕೇಳಿದೆ.

"ಎಲ್ಲಿರ್ತೀನಿ, ಹಾದ್ಯಾಗ. ಕೂಸಿಗೆ ಹಾಲು ಕುಡ್ಸಿ, ಅತ್ತಿ ಮಡ್ಲಾಗ ಹಾಕಿ ಬರೋ ಹೊತ್ತಿಗೆ ಮೊದಲ್ನೇದು ಕೂಗಿ ಎಷ್ಟೋ ಹೊತ್ತಾಗಿರ್ತಿತ್ತು."

"ಕೈಯಲ್ಲಿ?"

"ಒಂದ್ರಾಗ ಬುತ್ತಿ, ಒಂದ್ರಾಗ ಸೀರೆ ನೆರಿಗೆ."

"ಕೂಗು ಹೆಂಗಿತ್ತು?"

ಬೆಳ್ಳುಳ್ಳಿ ಮೊರ ಪಕ್ಕಕ್ಕಿಟ್ಟು ಎದ್ದರು. "ಕೂತ್ಕಂಡು ಬರಲ್ಲ ಅದು," ಅಂದು, ಸೀರೆ ನೆರಿಗೆ ಎತ್ತಿ ಹಿಡಿದು ಗಲ್ಲಿಯುದ್ದಕ್ಕೂ ಬಿರುಸಾಗಿ ನಡೆಯುತ್ತಾ ಕೂಗತೊಡಗಿದರು. ನಾನು ಮೈಕ್ ಹಿಡಿದು ಪಕ್ಕದಲ್ಲಿ ಓಡಿದೆ. ಮೊಳದ ಲೆಕ್ಕ ಅಲ್ಲೇ ಬಿದ್ದುಹೋಯಿತು. ಆ ಕೂಗಿನಲ್ಲಿ ಏದುಸಿರಿತ್ತು, ಹೆಜ್ಜೆಗೊಂದು ಸಲ ತುಂಡಾಗುತ್ತಿತ್ತು, ಆದರೂ ಮೇಲೇರುತ್ತಲೇ ಇತ್ತು. ಏರಿ, ಏರಿ, ಒಮ್ಮೆಲೇ ನಿಂತಿತು. ಮಚ್ಚಿನಿಂದ ಕಡಿದ ಹಾಗೆ. ಅವರೂ ನಿಂತರು.

ಕಾದೆ. "ಮುಂದೆ?"

"ಮುಂದೆ ಇಲ್ಲ."

"ಭೋಂಗಾ ಅಲ್ಲಿಗೇ ನಿಲ್ತಿತ್ತಾ?"

"ನಂದು ಅಷ್ಟೇ."

ಇನ್ನೊಂದು ಸಲ ಕೂಗಿಸಿದೆ. ಅದೇ ಜಾಗಕ್ಕೆ ನಿಂತಿತು. ಮತ್ತೆ ಕೇಳಿದ್ದಕ್ಕೆ, "ನಿನ್ನ ಟೇಪು ಕಟ್ಟಾಯ್ತು ಅಂತ ತಿಳ್ಕ," ಅಂದು ಬೆಳ್ಳುಳ್ಳಿಗೆ ಕೂತರು. ನಾನು ರೆಕಾರ್ಡರ್ ಬಂದ್ ಮಾಡಿದ್ದು ನೋಡಿ ಮೆಲ್ಲಗೆ ಕೇಳಿದರು, "ಅಧ್ಯಕ್ಷರದ್ದು ಮಾಡಿದ್ಯಂತೆ. ಎಲ್ಲಿ, ಮಾಡು."

ಲವಂಗ ಉಗುಳಿ ಮಾಡಿದೆ, ಕೆಮ್ಮು ಸಮೇತ. ನಕ್ಕರು. ಆಮೇಲೆ ಸಿಪ್ಪೆ ಊದುತ್ತಾ, "ಚಂದ ಐತೆ. ಆದ್ರೆ ಗತ್ತು ಸಾಲದು. ಗೇಟಿನಾಗ ನಿಂತಾಗ ನೋಡ್ಬೇಕಿತ್ತು ನೀನು," ಅಂದರು.

ಸಭೆಗೆ ದಿನ ಹತ್ತಿರ ಬರುತ್ತಿತ್ತು. ಅಧ್ಯಕ್ಷರು ಕೇಳಿದ್ದು ಒಂದು ಭೋಂಗಾ. ನನ್ನ ಬಳಿ ಇದ್ದದ್ದು ಒಂದಕ್ಕೊಂದು ಸಂಬಂಧ ಇಲ್ಲದ ಒಂದು ಹಿಂಡು. ಆಟೋ ಮೇಲೆ ಮೈಕ್ ಕಟ್ಟಿ ಸಾರುವ ಜಾಹೀರಾತುಗಳನ್ನು ರೆಕಾರ್ಡ್ ಮಾಡುವ ಗೆಳೆಯನ ಸ್ಟುಡಿಯೋಕ್ಕೆ ಹೋಗಿ, ಎಲ್ಲವನ್ನೂ ಒಂದರ ಮೇಲೊಂದು ಕೂರಿಸಿ, ಏರಿಳಿತ ಹೊಂದಿಸಿ, ಸರಾಸರಿ ತೆಗೆದೆವು. ಎರಡು ದಿನ ಕೂತು ತೆಗೆದದ್ದನ್ನು ಜೋರಾಗಿ ಹಾಕಿ ಕೇಳಿದೆವು. ಬಾಲ ತುಳಿಸಿಕೊಂಡ ಎಮ್ಮೆ.

ಗೆಳೆಯ ಗಂಭೀರವಾಗಿ ಹೇಳಿದ, "ಇದನ್ನ ಪಶು ಆಹಾರದ ಜಾಹೀರಾತಿಗೆ ನನಗೆ ಕೊಟ್ಬಿಡು."

ಇನ್ನು ಉಳಿದದ್ದು ಒಬ್ಬರೇ. ಭೋಂಗಾದ ಸರಪಳಿ ಎಳೆಯುತ್ತಿದ್ದ ಬಾಯ್ಲರ್ ಅಜ್ಜ. ಹರಿಹರದಲ್ಲಿ ಮಗನ ಮನೆಯಲ್ಲಿದ್ದಾರೆ ಅಂತ ತಡವಾಗಿ ತಿಳಿಯಿತು. ಬಸ್ಸಿನಲ್ಲಿ ಕೂತಾಗ ನನಗೆ ಎಷ್ಟು ಸಮಾಧಾನ ಅಂದರೆ, ಕಂಡಕ್ಟರ್ ದನಿ ಕೂಡ ಮಾಡಲಿಲ್ಲ. ಎಳೆದವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ? ಅವರು ಕೂಗಿದ್ದೇ ಭೋಂಗಾ. ಕತೆ ಮುಗಿಯಿತು.

ಹೊಳೆ ಕಡೆಯ ಬೀದಿಯಲ್ಲಿ ಮನೆ. ಅಜ್ಜ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ರಾಜನ ಹಾಗೆ ಕೂತಿದ್ದರು. ಕಿವಿ ಮಂದ, ಬಾಯಿ ಮಂದ ಅಲ್ಲ.

"ಇಡೀ ದಾವಣಗೆರೆ ಈ ಕೈಯಾಗಿತ್ತು," ಅಂತ ಬಲಗೈ ಎತ್ತಿದರು. "ಪೊಲೀಸ್ ಸಾಹೇಬ್ರು ಮುಖ ತೊಳೀಬೇಕಂದ್ರೂ ನಾನು ಎಳೀಬೇಕು. ನಾನು ಒಂದಿನ ರಜಾ ಹಾಕಿದ್ರೆ ಹೊತ್ತು ಹುಟ್ತಿರಲಿಲ್ಲ."

"ಹುಟ್ತಿತ್ತು ಮಾವಾ, ನಿಮಗೆ ಹೇಳ್ತಿರಲಿಲ್ಲ ಅಷ್ಟೇ," ಅಂದರು ತಂತಿಗೆ ಬಟ್ಟೆ ಹರವುತ್ತಿದ್ದ ಸೊಸೆ.

ನಾನು ಕಿವಿಯ ಹತ್ತಿರ ಬಗ್ಗಿ ಕೇಳಿದೆ, "ಅಜ್ಜಾ, ಭೋಂಗಾದ ದನಿ ಹೆಂಗಿತ್ತು?"

"ಯಾವನಿಗ್ಗೊತ್ತು."

ಕೇಳಿಸಲಿಲ್ಲವೇನೋ ಅಂತ ಇನ್ನೂ ಜೋರಾಗಿ ಕೇಳಿದೆ.

"ಕೇಳಿಸ್ತಪ್ಪ, ಕಿರುಚಬ್ಯಾಡ. ಅದರ ಬುಡದಾಗ ನಿಂತೋನು ನಾನು. ಕಿವಿ ಬಿಟ್ಕಂಡು ನಿಂತಿದ್ರೆ ತಲೆ ಸೀಳಿ ಹೋಗ್ತಿತ್ತು. ಹತ್ತಿ ಮಿಲ್ಲಿನಾಗ ಹತ್ತಿಗೇನು ಬರ? ಎರಡೂ ಕಿವಿಗೆ ಇಷ್ಟಿಷ್ಟು ತುರುಕ್ಕಂಡು ಎಳೀತಿದ್ದೆ. ಒಂದಿನಾನೂ ಕೇಳಿಲ್ಲ ನಾನು."

ನಾನು ಅಲ್ಲೇ ಕಟ್ಟೆ ಮೇಲೆ ಕೂತೆ. ಊರಿಗೆಲ್ಲ ಭೋಂಗಾ ಕೂಗಿಸಿದವರು ಅದನ್ನು ಕೇಳಿದವರೇ ಅಲ್ಲ. ಅಜ್ಜನಿಗೆ ನನ್ನ ಮುಖ ನೋಡಿ ಕನಿಕರ ಬಂತೇನೋ. "ದನಿ ಗೊತ್ತಿಲ್ಲ, ಕೈ ಗೊತ್ತೈತೆ," ಅಂದು ಎದ್ದು ಬಂದು ಸೊಸೆ ಬಟ್ಟೆ ಹರವಿದ್ದ ತಂತಿ ಹಿಡಿದರು. "ಮೊದಲು ಒಂದು ಸಣ್ಣ ಜಗ್ಗು. ಒಳಗೆ ತಣ್ಣಗಾಗಿ ನೀರು ನಿಂತಿರ್ತೈತೆ, ಅದನ್ನ ಉಗುಳಿಸ್ಬೇಕು. ಆಮೇಲೆ ಪೂರ್ತಿ, ತೂಕ ಬಿಟ್ಟು. ಎದೆಯಾಗ ಗಡಗಡ ಅಂತೈತೆ, ಅದು ಹಲ್ಲಿಗೆ ಬಂತು ಅಂದ್ರೆ ಸಾಕು. ಆಮೇಲೆ ಒಮ್ಮೆಲೇ ಬಿಡಬಾರ್ದು, ಕೂಸು ಮಲಗಿಸಿದಂಗೆ ಬಿಡ್ಬೇಕು." ಹೇಳುತ್ತಾ ತೂಕ ಬಿಟ್ಟು ಜಗ್ಗಿದರು. ತಂತಿ ಕಿತ್ತು, ಒಗೆದ ಬಟ್ಟೆಯೆಲ್ಲ ಮಣ್ಣಿಗೆ ಬಿತ್ತು.

ಸೊಸೆ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅಷ್ಟೂ ಬಟ್ಟೆಯನ್ನು ನಾನೇ ಹಿಂಡಿಕೊಟ್ಟು ಬಂದೆ.

ದಾವಣಗೆರೆಗೆ ವಾಪಸು ಬರುವ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಎಲ್ಲ ಭೋಂಗಾಗಳನ್ನೂ ಮತ್ತೆ ಕೇಳಿದೆ. ಹೊದಿಕೆಯೊಳಗಿನದು, ಎತ್ತಿನ ಹಿಂದಿನದು, ಗಲ್ಲಿಯಲ್ಲಿ ಓಡಿದ್ದು. ಇಷ್ಟು ದಿನ ಇವುಗಳಲ್ಲಿ ಟವೆಲ್ಲು, ಗಾಳಿ, ಏದುಸಿರು ಎಲ್ಲ ಕಸ, ತೆಗೆದುಹಾಕಿದರೆ ಒಳಗೆ ಅಸಲಿ ಸಿಗುತ್ತೆ ಅಂದುಕೊಂಡಿದ್ದೆ. ತೆಗೆದು ನೋಡಿದ್ದೆ, ಎಮ್ಮೆ ಸಿಕ್ಕಿತ್ತು. ನನಗೆ ಬೇಕಾಗಿದ್ದದ್ದು ಆ ಕಸವೇ ಅಂತ ಬಸ್ಸು ಊರು ಮುಟ್ಟುವುದರೊಳಗೆ ಗಟ್ಟಿಯಾಯಿತು. ಇಳಿದವನೇ ಮೇಡಂ ಮನೆಗೆ ಹೋದೆ.

"ಒಂದು ಭೋಂಗಾ ಮಾಡಲ್ಲ ಮೇಡಂ. ಅಷ್ಟನ್ನೂ ಹಂಗಂಗೇ ಇಡೋಣ."

"ಅವರು ಒಂದು ಕೇಳಿದ್ದಾರೆ. ನೀನು ಸಂತೆ ಕೊಡ್ತೀನಿ ಅಂತೀಯ."

"ಒಂದು ಅಂತ ಮಾಡಿದ್ರೆ ಅದು ನನ್ನ ಸ್ವಂತದ್ದು. ಅವರ ಕೈಲಿ ಹೌದು ಅನ್ನಿಸಬಹುದು, ಒಂದ್ಸಲ ಅನ್ನಿಸಿದ್ದೀನಲ್ಲ. ಆಮೇಲೆ ಈ ಊರಿನ ಮಕ್ಕಳೆಲ್ಲ ಅದನ್ನೇ ನಿಜ ಅಂದ್ಕೊಂಡು ಬೆಳೀತಾರೆ."

ಮೇಡಂ ಮೇಜಿನ ಮೇಲಿನ ಸಾಮಾನನ್ನೆಲ್ಲ ಒಂದು ಸಲ ನೋಡಿದರು. ಅವರ ಯಜಮಾನರೂ ತೊಡೆಯ ಮೇಲಿನ ತಟ್ಟೆಯಿಂದ ತಲೆ ಎತ್ತಿ ನೋಡಿದರು. "ಮಾಡು," ಅಂದರು ಮೇಡಂ. "ಸೋತರೆ ಮೂಟೆ ನೀನು ಹೊರಬೇಕು. ಬಾಗಿಲು ನಾನು ತಟ್ಟಬೇಕು."

ಉಳಿದ ದಿನಗಳಲ್ಲಿ ಕೆಲಸ ಕೈಯದಾಯಿತು. ಜನ ಕೊಟ್ಟ ಬುತ್ತಿ ಡಬ್ಬಿಗಳನ್ನೇ ತೆಗೆದುಕೊಂಡೆವು. ಒಂದೊಂದರೊಳಗೆ ಒಂದೊಂದು ಸಣ್ಣ ಸ್ಪೀಕರ್, ಮುಚ್ಚಳ ತೆಗೆದರೆ ಕೂಗಬೇಕು, ಮುಚ್ಚಿದರೆ ನಿಲ್ಲಬೇಕು, ಫ್ರಿಜ್ಜಿನ ದೀಪದ ಥರ. ಡಬ್ಬಿಗೆ ತೂತು ಕೊರೆಯುವಂತಿಲ್ಲ, ಅಂಟು ಹಚ್ಚುವಂತಿಲ್ಲ, ಅವು ಜನರ ಒಡವೆ. ನಾಳೆ ಕೇಳಿದರೆ ಇದ್ದ ಹಾಗೇ ಕೊಡಬೇಕು. ಒಳಗೆ ಕೂರುವಂಥ ರಟ್ಟಿನ ಗೂಡು ಮಾಡಿ ಅದರಲ್ಲಿ ಎಲ್ಲ ಜೋಡಿಸಿದೆ. ಮೊದಲ ಸಲ ಹಾಕಿದಾಗ ತಗಡು ಕಂಪಿಸಿ ಎಲ್ಲ ಕೂಗೂ ಮತ್ತೆ ಮೂಗಿಗೆ ಹೋಯಿತು. ಮೇಡಂ ನನ್ನ ಕಡೆ ನೋಡಿದರು. ನಾನಲ್ಲ, ಡಬ್ಬಿ ಅಂತ ಆಣೆ ಮಾಡಿದೆ. ಗೂಡಿನ ಸುತ್ತ ಹತ್ತಿ ತುಂಬಿದ ಮೇಲೆ ಸರಿಹೋಯಿತು. ಹತ್ತಿ ಮಿಲ್ಲಿನ ಊರಲ್ಲಿ ಹತ್ತಿಯನ್ನು ಅಂಗಡಿಯಿಂದ ಕೊಂಡು ತರಬೇಕಾಯಿತು. ಹಾಲ್‌ನ ತೊಲೆಗೆ, ಗುಜರಿಯಿಂದ ತಂದ ಒಂದು ಸರಪಳಿ ಇಳಿಬಿಟ್ಟೆವು. ಅದಕ್ಕೆ ಏನನ್ನೂ ಜೋಡಿಸಲಿಲ್ಲ. ಈ ಸಲ ಯಾರು ಜಗ್ಗಿದರೂ ಕಿತ್ತು ಬರದ ಹಾಗೆ ನೋಡಿಕೊಂಡೆವು, ಅಷ್ಟೇ.

ಸಭೆಯ ದಿನ ಹಾಲ್ ತುಂಬಿತ್ತು. ಬಾಯ್ಲರ್ ಅಜ್ಜ ಹರಿಹರದಿಂದ ಮಗನ ಜೊತೆ ಬಂದಿದ್ದರು, ಲೋಕಿಕೆರೆಯವರು, ಬಾತಿಯವರು ಬಂದಿದ್ದರು. ರೀಲಿಂಗಮ್ಮ ಹಿಂದೆ, ಬಾಗಿಲ ಹತ್ತಿರ ಕೂತಿದ್ದರು. 'ಮುಂದೆ ಬರ್ರಿ' ಅಂದರೆ, "ಇಲ್ಲೇ ಗಾಳಿ ಐತೆ," ಅಂದರು. ಅಧ್ಯಕ್ಷರ ಮುಂದಿನ ಮೇಜಿನ ಮೇಲೆ ಹಾಲ್‌ನ ಕೀಲಿ ಇತ್ತು. ಪಕ್ಕದಲ್ಲಿ ಕೋಚಿಂಗ್ ಸೆಂಟರ್‌ನವರ ವಿಸಿಟಿಂಗ್ ಕಾರ್ಡ್ ಇತ್ತು, ನನಗೆ ಕಾಣುವ ಹಾಗೆ.

"ಎಲ್ಲಪ್ಪ, ಕೂಗು," ಅಂದರು.

ಜೀವನದಲ್ಲಿ ಮೊದಲ ಸಲ ಅಷ್ಟು ಜನ ನನ್ನ ಬಾಯನ್ನೇ ನೋಡುತ್ತಾ ಕೂತಿದ್ದರು. ನಕಲು ಮಾಡುವವನಿಗೆ ಇದಕ್ಕಿಂತ ಇನ್ನೇನು ಬೇಕು. ಗಂಟಲಿನಲ್ಲಿ ಅಧ್ಯಕ್ಷರ ಭೋಂಗಾ ಸಿದ್ಧವಾಗೇ ಇತ್ತು. ಕೂಗಿದ್ದರೆ ಅರ್ಧ ಹಾಲ್ ಹೌದು ಅನ್ನುತ್ತಿತ್ತು ಅಂತಲೂ ಗೊತ್ತಿತ್ತು.

"ನಾನು ಕೇಳಿಲ್ಲ ಸಾರ್," ಅಂದೆ. "ಕೇಳದೇ ಇರೋದು ನನಗೆ ಮಾಡಕ್ಕೆ ಬರಲ್ಲ. ಕೇಳಿದೋರು ಇಲ್ಲಿದ್ದಾರೆ."

ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದೆ. ಹೊದಿಕೆಯ ಭೋಂಗಾಕ್ಕೆ ಲೋಕಿಕೆರೆಯವರ ಹೆಂಡತಿ, "ಹೇಳಿಲ್ವಾ," ಅಂದರು. ಬಾತಿಯವರ "ಹೋಯ್" ಬಂದಾಗ ಹಾಲ್‌ಗೆ ಹಾಲೇ ನಕ್ಕಿತು. ಒಬ್ಬರು, "ಅದೆಂಥ ಭೋಂಗಾ, ಹಿಂಗಿತ್ತು," ಅಂತ ತಮ್ಮದನ್ನು ಕೂಗಿದರು. ಅವರ ಪಕ್ಕದವರು, "ನಿಂದೂ ಅಲ್ಲ ಬಿಡು," ಅಂತ ತಮ್ಮದನ್ನು ಎತ್ತಿದರು. ಅಷ್ಟರಲ್ಲಿ ಬಾಯ್ಲರ್ ಅಜ್ಜ ಯಾರೂ ಕರೆಯದೆ ಎದ್ದು ಹೋಗಿ ಸರಪಳಿ ಹಿಡಿದರು. ಜೇಬಿನಿಂದ ಹತ್ತಿ ತೆಗೆದು ಎರಡೂ ಕಿವಿಗೆ ಇಟ್ಟುಕೊಂಡರು. ಒಂದು ಸಣ್ಣ ಜಗ್ಗು. ಆಮೇಲೆ ತೂಕ ಬಿಟ್ಟು, ಪೂರ್ತಿ. ಅವರ ಕೈ ಇಳಿದ ಕೂಡಲೇ ಹಾಲ್‌ನಲ್ಲಿದ್ದ ಮುದುಕರು ಮುದುಕಿಯರೆಲ್ಲ, ಯಾರೂ ಹೇಳದೆ, ತಂತಮ್ಮ ಭೋಂಗಾವನ್ನು ತಂತಮ್ಮ ಗಂಟಲಲ್ಲಿ ಕೂಗಿದರು. ಅಜ್ಜ ಕೂಸು ಮಲಗಿಸಿದಂತೆ ಸರಪಳಿ ಬಿಡುವವರೆಗೂ ಕೂಗಿದರು. ಹೊರಗೆ ಬೀದಿಯಲ್ಲಿ ಯಾರೋ ಬೈಕ್ ನಿಲ್ಲಿಸಿ ಒಳಗೆ ಇಣುಕಿ ನೋಡಿದರು. ಅಷ್ಟು ಗದ್ದಲದಲ್ಲೂ ಅಜ್ಜನಿಗೆ ಏನೂ ಕೇಳಿಸಲಿಲ್ಲ. ಆದರೆ ಎದೆ ಮುಟ್ಟಿ ನೋಡಿಕೊಂಡು ಹೌದು ಅಂತ ತಲೆಯಾಡಿಸಿದರು.

ನಾನು ಕೂಗಲಿಲ್ಲ. ಮೇಡಂ ಕಣ್ಣಿಗೆ ಸೆರಗು ಹಚ್ಚಿದ್ದನ್ನು ನೋಡಲಿಲ್ಲ ಅಂತಲೇ ಇಟ್ಟುಕೊಳ್ಳಿ.

ಆದರೆ ಅಧ್ಯಕ್ಷರು ಟೈಂ ಕೀಪರ್. ಗದ್ದಲ ತಣ್ಣಗಾಗಲು ಬಿಟ್ಟು, ಕೀಲಿಯ ಮೇಲೆ ಕೈ ಇಟ್ಟುಕೊಂಡೇ ಹೇಳಿದರು. "ಜಾತ್ರೆ ಚೆಂದ ಆಯ್ತಪ್ಪ. ಆದ್ರೆ ನಾನು ಕೇಳಿದ್ದು ಭೋಂಗಾ. ಇದ್ರಾಗ ಯಾವ್ದು ಸರಿ, ಯಾವ್ದು ತಪ್ಪು ಅಂತ ಬ್ಯಾಡ್ವಾ? ತಪ್ಪನ್ನೆಲ್ಲ ಡಬ್ಬಿಗೆ ತುಂಬಿ ಮ್ಯೂಸಿಯಂ ಅಂತೀರಾ?"

ಎದ್ದು ಬಂದು, ಗದ್ದಲದಲ್ಲಿ ನಾನು ತೆಗೆಯದೆ ಉಳಿದಿದ್ದ ಸಾಲಿನ ಕೊನೆಯ ಡಬ್ಬಿಯ ಮುಚ್ಚಳ ತಾವೇ ತೆಗೆದರು. ರೀಲಿಂಗಮ್ಮನ ಕೂಗು ಹೊರಬಂತು. ಏದುಸಿರು, ಹೆಜ್ಜೆ, ಏರಿ ಏರಿ, ಕಡಿದ ಹಾಗೆ ನಿಂತಿತು. ಮುಚ್ಚಳ ಮುಚ್ಚಿ ಮತ್ತೆ ತೆಗೆದರು. ಅಲ್ಲಿಗೇ ನಿಂತಿತು. ಯಾರದು ಅಂತ ಕೇಳಿದರು. ಬಾಗಿಲ ಹತ್ತಿರದಿಂದ, "ನಂದು," ಅಂತ ಉತ್ತರ ಬಂತು.

ಕೀಲಿ ಈಗ ನಮ್ಮ ಹತ್ತಿರ ಇದೆ. ಮೇಡಂ ಯಜಮಾನರು ಮೇಜಿನ ಮೇಲೆ ಉಣ್ಣುತ್ತಿದ್ದಾರೆ. ಅವತ್ತು ಅಧ್ಯಕ್ಷರು ಆ ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಿಂದ ಮುಚ್ಚಿ, ಕೀಲಿಯನ್ನು ಮೇಡಂ ಕಡೆ ಸರಿಸಿ, ಕೆಮ್ಮದೆ ಹೋಗಿ ಕೂತರು. ಅದಕ್ಕೂ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಮ್ಮ, ಇಡೀ ಊರಿಗೆ ಗೊತ್ತೈತೆ, ನಮ್ಮ ಭೋಂಗಾ ಯಾವತ್ತಾದ್ರೂ ಅರ್ಧಕ್ಕೆ ನಿಂತಿತ್ತೇನು?"

ರೀಲಿಂಗಮ್ಮ ಕೂತಲ್ಲಿಂದಲೇ ಹೇಳಿದರು:

"ಭೋಂಗಾ ನಿಂತಿರಲಿಲ್ರಿ ಸಾಹೇಬ್ರೆ. ನೀವು ಗೇಟು ಹಾಕಿದ್ರಿ."